ನೆಗೆಟಿವ್ ಬರಲು ಕೆಲವರಿಗೆ ಏಕೆ ತಡವಾಗುತ್ತದೆ?

2020ರ ಮೇ ಮೊದಲ ವಾರದವರೆಗೆ ಭಾರತದಲ್ಲಿ ಕೋವಿಡ್ ರೋಗಿಯೊಬ್ಬರು ಆಸ್ಪತ್ರೆಯಿಂದ ಮನೆಗೆ ಹೋಗಬೇಕಾದರೆ, ಇಪ್ಪತ್ತನಾಲ್ಕು ಗಂಟೆಗಳ ಅಂತರದಲ್ಲಿ ತೆಗೆದ ಎರಡು ಗಂಟಲು ದ್ರವದ ಮಾದರಿಗಳೂ ನೆಗೆಟಿವ್ ಬರಬೇಕಿತ್ತು. ಜ್ವರ ಬಿಟ್ಟು, ಕೆಮ್ಮು ನಿಂತು, ಊಟ ರುಚಿಸತೊಡಗಿದವರು ಕೂಡ ವರದಿ ಪಾಸಿಟಿವ್ ಎಂಬ ಒಂದೇ ಕಾರಣಕ್ಕೆ ವಾರ್ಡಿನಲ್ಲಿ ಉಳಿಯಬೇಕಾಗುತ್ತಿತ್ತು. ಒಂದೇ ಮನೆಯಲ್ಲಿ ಒಟ್ಟಿಗೆ ಸೋಂಕು ತಗುಲಿದ ಇಬ್ಬರಲ್ಲಿ ಒಬ್ಬರು ಹತ್ತು ಹನ್ನೆರಡು ದಿನಕ್ಕೆ ಮನೆ ಸೇರಿದರೆ, ಮತ್ತೊಬ್ಬರ ವರದಿ ತಿಂಗಳಾದರೂ ಬದಲಾಗುತ್ತಿರಲಿಲ್ಲ. ಮೇ 8ರಂದು ಕೇಂದ್ರ ಆರೋಗ್ಯ ಸಚಿವಾಲಯ ನಿಯಮವನ್ನು ಬದಲಿಸಿತು. ಸೌಮ್ಯ ಮತ್ತು ಮಧ್ಯಮ ಪ್ರಮಾಣದ ರೋಗಿಗಳಿಗೆ ಲಕ್ಷಣ ಕಾಣಿಸಿಕೊಂಡು ಹತ್ತು ದಿನ ಕಳೆದು, ಕೊನೆಯ ಮೂರು ದಿನ ಜ್ವರವಿಲ್ಲದಿದ್ದರೆ, ಮಧ್ಯಮ ಪ್ರಮಾಣದವರಿಗೆ ಆಮ್ಲಜನಕದ ಅಗತ್ಯವೂ ಇಲ್ಲದಿದ್ದರೆ ಸಾಕು, ಬಿಡುಗಡೆಗೆ ಪರೀಕ್ಷೆಯೇ ಬೇಡ ಎಂದಿತು. ಪರೀಕ್ಷೆ ಮಾಡದೆಯೇ ಮನೆಗೆ ಕಳುಹಿಸುತ್ತಾರಂತೆ ಎಂದು ಅನೇಕರು ಬೆಚ್ಚಿದರು.

ಆದರೆ ಅದೇ ಸುತ್ತೋಲೆಯಲ್ಲಿ ಇನ್ನೊಂದು ಮಾತಿತ್ತು. ತೀವ್ರ ಸ್ವರೂಪದ ರೋಗಿಗಳು, ಎಚ್‌ಐವಿ ಇರುವವರು, ಅಂಗಾಂಗ ಕಸಿ ಮಾಡಿಸಿಕೊಂಡವರು, ಕ್ಯಾನ್ಸರ್ ರೋಗಿಗಳು ಇವರಿಗೆ ಮಾತ್ರ ಚೇತರಿಕೆಯ ಜೊತೆಗೆ ಒಂದು ನೆಗೆಟಿವ್ ವರದಿ ಬೇಕೇಬೇಕು. ಮೊದಲ ಮಾತಿನಷ್ಟು ಎರಡನೆಯದು ಚರ್ಚೆಯಾಗಲಿಲ್ಲ. ಒಂದು ಗುಂಪಿಗೆ ಪರೀಕ್ಷೆ ಬೇಡ, ಇನ್ನೊಂದಕ್ಕೆ ಬೇಕೇ ಬೇಕು ಎಂಬ ಈ ಭೇದದ ಹಿಂದೆ, ಉಸಿರಾಟದ ವೈರಸ್ಸುಗಳು ಕೆಲವರ ದೇಹದಲ್ಲಿ ಏಕೆ ಹೆಚ್ಚು ದಿನ ನಿಲ್ಲುತ್ತವೆ ಎಂಬ ಪ್ರಶ್ನೆಯ ಉತ್ತರದ ದೊಡ್ಡ ಪಾಲು ಅಡಗಿದೆ.

ಮೊದಲು ಪರೀಕ್ಷೆಯ ವಿಷಯವನ್ನೇ ತೆಗೆದುಕೊಳ್ಳೋಣ, ಏಕೆಂದರೆ ಗೊಂದಲದ ಅರ್ಧ ಅಲ್ಲಿಯೇ ಹುಟ್ಟುತ್ತದೆ. ಆರ್‌ಟಿ-ಪಿಸಿಆರ್ ಯಂತ್ರ ಹುಡುಕುವುದು ಇಡೀ ವೈರಸ್ಸನ್ನಲ್ಲ, ಅದರ ವಂಶವಾಹಿ ಸಾಮಗ್ರಿಯಾದ ಆರ್‌ಎನ್‌ಎಯ ಒಂದೆರಡು ಚಿಕ್ಕ ತುಣುಕುಗಳನ್ನು. ಮಾದರಿಯಲ್ಲಿ ಆ ತುಣುಕು ಸಿಕ್ಕರೆ ಯಂತ್ರ ಅದನ್ನು ಒಂದು ಸುತ್ತಿಗೆ ಎರಡು ಪಟ್ಟಿನಂತೆ ಹೆಚ್ಚಿಸುತ್ತಾ ಹೋಗುತ್ತದೆ. ಸಾಮಾನ್ಯವಾಗಿ ನಲವತ್ತು ಸುತ್ತುಗಳವರೆಗೆ. ಎಷ್ಟನೆಯ ಸುತ್ತಿನಲ್ಲಿ ಅದು ಕಣ್ಣಿಗೆ ಬೀಳುವಷ್ಟಾಯಿತು ಎಂಬುದೇ ವರದಿಯಲ್ಲಿ ಕಾಣುವ ಸಿಟಿ ಮೌಲ್ಯ. ಹದಿನೆಂಟನೆಯ ಸುತ್ತಿನಲ್ಲೇ ಸಿಕ್ಕರೆ ಮಾದರಿಯಲ್ಲಿ ವೈರಸ್ಸಿನ ಸಾಮಗ್ರಿ ಹೇರಳವಾಗಿತ್ತು ಎಂದರ್ಥ, ಮೂವತ್ತೈದರಲ್ಲಿ ಸಿಕ್ಕರೆ ಅತ್ಯಲ್ಪ. ಸುಮಾರು 3.3 ಸುತ್ತುಗಳ ವ್ಯತ್ಯಾಸವೆಂದರೆ ಹತ್ತು ಪಟ್ಟಿನ ವ್ಯತ್ಯಾಸ. ಹೀಗಾಗಿ ಹದಿನೆಂಟು ಮತ್ತು ಮೂವತ್ತೈದರ ನಡುವೆ ಇರುವುದು ಲಕ್ಷ ಪಟ್ಟಿನ ಅಂತರ. ವರದಿಯಲ್ಲಿ ಮಾತ್ರ ಎರಡಕ್ಕೂ ಒಂದೇ ಪದ: ಪಾಸಿಟಿವ್.

ಜೀವಂತ ವೈರಸ್ ಇದೆಯೇ ಎಂದು ತಿಳಿಯಲು ಬೇರೆ ದಾರಿ ಹಿಡಿಯಬೇಕು. ಮಾದರಿಯನ್ನು ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳ ಮೇಲೆ ಹಾಕಿ, ಅವುಗಳಿಗೆ ಸೋಂಕು ತಗಲುತ್ತದೆಯೇ ಎಂದು ಕಾದು ನೋಡಬೇಕು. ಇದಕ್ಕೆ ದಿನಗಳು ಹಿಡಿಯುತ್ತವೆ, ಹೆಚ್ಚಿನ ಸುರಕ್ಷತೆಯ ಪ್ರಯೋಗಾಲಯ ಬೇಕು. ಯಾವ ಜಿಲ್ಲಾಸ್ಪತ್ರೆಯಲ್ಲೂ ದಿನನಿತ್ಯ ಮಾಡುವ ಕೆಲಸವಲ್ಲ. 2020ರ ಜನವರಿಯಲ್ಲಿ ಜರ್ಮನಿಯ ಮ್ಯೂನಿಕ್ ಬಳಿಯ ಒಂದು ಕಂಪನಿಯ ನೌಕರರಲ್ಲಿ ಸೋಂಕು ಕಾಣಿಸಿಕೊಂಡಾಗ ಅಲ್ಲಿನ ವಿಜ್ಞಾನಿಗಳು ಒಂಬತ್ತು ರೋಗಿಗಳಲ್ಲಿ ಈ ಕೆಲಸ ಮಾಡಿದರು. ಮೊದಲ ವಾರದ ಮಾದರಿಗಳಲ್ಲಿ ಜೀವಂತ ವೈರಸ್ ಸುಲಭವಾಗಿ ಸಿಕ್ಕಿತು. ಎಂಟನೆಯ ದಿನದ ನಂತರ ತೆಗೆದ ಯಾವ ಮಾದರಿಯಲ್ಲೂ ಸಿಗಲಿಲ್ಲ. ಪಿಸಿಆರ್ ಮಾತ್ರ ಪಾಸಿಟಿವ್ ಎನ್ನುತ್ತಲೇ ಇತ್ತು. ದಕ್ಷಿಣ ಕೊರಿಯಾದಲ್ಲಿ ಗುಣಮುಖರಾಗಿ ಮನೆಗೆ ಹೋದವರು ಮತ್ತೆ ಪಾಸಿಟಿವ್ ಆದಾಗ ಸೋಂಕು ಮರುಕಳಿಸಿತೆಂದು ಜಗತ್ತಿಗೇ ದಿಗಿಲಾಯಿತು. ಅಲ್ಲಿನ ಆರೋಗ್ಯ ಇಲಾಖೆ ಅಂಥ 285 ಜನರನ್ನೂ ಅವರ ಸಂಪರ್ಕಕ್ಕೆ ಬಂದ 790 ಮಂದಿಯನ್ನೂ ಪರಿಶೀಲಿಸಿತು. ಮರುಪಾಸಿಟಿವ್ ಆದವರಿಂದ ಹೊಸದಾಗಿ ಯಾರಿಗೂ ಸೋಂಕು ಹರಡಿದ್ದು ಕಾಣಲಿಲ್ಲ, ಬೆಳೆಸಲು ಯತ್ನಿಸಿದ ಮಾದರಿಗಳಲ್ಲಿ ವೈರಸ್ ಬೆಳೆಯಲಿಲ್ಲ.

ಅಂಗಳದಲ್ಲಿ ಅಡಿಕೆ ಸಿಪ್ಪೆಯ ರಾಶಿ ಬಿದ್ದಿದೆ ಎಂದ ಮಾತ್ರಕ್ಕೆ ಸುಲಿಯುವವರು ಇನ್ನೂ ಮೆಟ್ಟುಗತ್ತಿಯ ಮುಂದೆ ಕುಳಿತಿದ್ದಾರೆ ಎಂದು ಹೇಳಲಾಗದು. ಕೆಲಸ ಮುಗಿಸಿ ಹೋಗಿ ವಾರವಾಗಿರಬಹುದು. ಶ್ವಾಸನಾಳದ ಒಳಪದರದಲ್ಲೂ ಆಗುವುದು ಇದೇ. ವೈರಸ್ ಹೊಕ್ಕು ಸತ್ತ ಕೋಶಗಳು ಒಂದೇ ದಿನದಲ್ಲಿ ಉದುರಿ ಹೋಗುವುದಿಲ್ಲ. ಹೊಸ ಪದರ ಬೆಳೆಯುವವರೆಗೆ ವಾರಗಳ ಕಾಲ ಸ್ವಲ್ಪ ಸ್ವಲ್ಪವಾಗಿ ಉದುರುತ್ತವೆ, ಪ್ರತಿ ಉದುರುವಿಕೆಯಲ್ಲೂ ಆರ್‌ಎನ್‌ಎ ತುಣುಕುಗಳಿರುತ್ತವೆ. ವುಹಾನಿನ 191 ರೋಗಿಗಳ ಆರಂಭಿಕ ಅಧ್ಯಯನವೊಂದರಲ್ಲಿ, ಬದುಕುಳಿದವರಲ್ಲಿ ವೈರಸ್ ಪತ್ತೆಯಾಗುತ್ತಿದ್ದ ಅವಧಿಯ ಮಧ್ಯಮಾಂಕ (ಅರ್ಧ ಜನರಿಗೆ ಅದಕ್ಕಿಂತ ಕಡಿಮೆ, ಅರ್ಧ ಜನರಿಗೆ ಹೆಚ್ಚು) 20 ದಿನ, ಅತಿ ದೀರ್ಘ ಅವಧಿ 37 ದಿನ ಎಂದಿತ್ತು. ಆಗ ಎಲ್ಲರನ್ನೂ ಹೆದರಿಸಿದ ಈ ಸಂಖ್ಯೆಗಳು ಅಳೆದದ್ದು ಆರ್‌ಎನ್‌ಎಯನ್ನು. ನಮ್ಮ ಸುತ್ತಲಿನ ತಡವಾಗಿ ನೆಗೆಟಿವ್ ಆದವರಲ್ಲಿ ಬಹುಪಾಲು ಜನ ಈ ಗುಂಪಿನವರೇ. ಅವರ ದೇಹ ವೈರಸ್ಸನ್ನು ಹೊತ್ತಿಗೆ ಸರಿಯಾಗಿಯೇ ಮುಗಿಸಿತ್ತು, ಕಸ ಗುಡಿಸುವುದಷ್ಟೇ ನಿಧಾನವಾಯಿತು.

ಈ ಗುಂಪನ್ನು ಬದಿಗಿಟ್ಟ ಮೇಲೂ, ನಿಜವಾಗಿ ಜೀವಂತ ವೈರಸ್ಸನ್ನು ಹೆಚ್ಚು ದಿನ ಹೊತ್ತಿರುವವರು ಉಳಿಯುತ್ತಾರೆ. ಅವರ ವಿಷಯಕ್ಕೆ ಹೋಗುವ ಮೊದಲು, ಆರೋಗ್ಯವಂತರಲ್ಲಿ ಎಷ್ಟು ದಿನ ಎಂಬುದು ಗೊತ್ತಿರಬೇಕು. ಇದಕ್ಕೆ ಅತ್ಯಂತ ಸ್ವಚ್ಛವಾದ ಉತ್ತರ ಕೊಟ್ಟದ್ದು ಬ್ರಿಟನ್‌ನಲ್ಲಿ ನಡೆದ ಒಂದು ಅಪರೂಪದ ಪ್ರಯೋಗ. 18ರಿಂದ 29 ವರ್ಷದ, ಮೊದಲು ಸೋಂಕೂ ಲಸಿಕೆಯೂ ಆಗಿರದ 36 ಸ್ವಯಂಸೇವಕರ ಮೂಗಿಗೆ ವೈರಸ್ಸಿನ ಅಳೆದ ಸಣ್ಣ ಪ್ರಮಾಣವನ್ನು ಹಾಕಿದರು. ವಿಶ್ಲೇಷಣೆಗೆ ಉಳಿದ 34 ಮಂದಿಯಲ್ಲಿ ಸೋಂಕು ಹಿಡಿದದ್ದು 18 ಜನರಿಗೆ ಮಾತ್ರ. ಅವರಲ್ಲಿ ವೈರಸ್ ಐದನೆಯ ದಿನದ ಹೊತ್ತಿಗೆ ಉತ್ತುಂಗಕ್ಕೇರಿತು, ಜೀವಂತ ವೈರಸ್ ಸಿಗುತ್ತಿದ್ದ ಸರಾಸರಿ ಅವಧಿ ಸುಮಾರು ಆರೂವರೆ ದಿನ. ಕೆಲವರಲ್ಲಿ ಮಾತ್ರ ಹನ್ನೆರಡನೆಯ ದಿನದವರೆಗೂ ಎಳೆಯಿತು.

ನನಗೆ ಈ ಪ್ರಯೋಗದಲ್ಲಿ ಎಲ್ಲಕ್ಕಿಂತ ಕುತೂಹಲಕರವಾಗಿ ಕಾಣುವುದು ಅದರ ಸರಾಸರಿ ಅಲ್ಲ, ಅದರೊಳಗಿನ ಏರುಪೇರು. ಒಂದೇ ತಳಿಯ ವೈರಸ್, ಒಂದೇ ಪ್ರಮಾಣ, ಒಂದೇ ವಯೋಮಾನದ ಆರೋಗ್ಯವಂತರು. ಆದರೂ ಅರ್ಧದಷ್ಟು ಜನರಲ್ಲಿ ಸೋಂಕು ನೆಲೆಯೂರಲೇ ಇಲ್ಲ. ಅದೇ ಸ್ವಯಂಸೇವಕರಲ್ಲಿ ಹದಿನಾರು ಜನರ ಮೂಗು ಮತ್ತು ರಕ್ತದ ಕೋಶಗಳನ್ನು ಒಂದೊಂದಾಗಿ ಪರಿಶೀಲಿಸಿದ ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಸೋಂಕನ್ನು ಬೇಗ ಕೊಡವಿಕೊಂಡವರ ಮೂಗಿನಲ್ಲಿ ರೋಗನಿರೋಧಕ ಕೋಶಗಳು ಮೊದಲ ದಿನದಿಂದಲೇ ಸೇರತೊಡಗಿದ್ದವು. ಸೋಂಕು ಬಲವಾಗಿ ಹಿಡಿದವರಲ್ಲಿ ಅದೇ ಕೆಲಸ ಐದನೆಯ ದಿನದ ಹೊತ್ತಿಗೆ ನಡೆಯಿತು. ವೈರಸ್ ದಿನಕ್ಕೆ ಎಷ್ಟೋ ಪಟ್ಟು ಹೆಚ್ಚುವಾಗ ನಾಲ್ಕು ದಿನ ಎಂಬುದು ಸಣ್ಣ ಅಂತರವಲ್ಲ.

ಮೊದಲೇ ಪರಿಚಯವಿದ್ದರೆ ಈ ಅಂತರ ಕಿರಿದಾಗುತ್ತದೆ. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ತನ್ನ ಆಟಗಾರರನ್ನೂ ಸಿಬ್ಬಂದಿಯನ್ನೂ ಬಿಡದೆ ಪರೀಕ್ಷಿಸುತ್ತಿತ್ತು. ಆ ದತ್ತಾಂಶ ಸಂಶೋಧಕರಿಗೆ ಅನಾಯಾಸವಾಗಿ ಸಿಕ್ಕ ನಿಧಿಯಾಯಿತು. ವೈರಸ್ ಉತ್ತುಂಗಕ್ಕೇರಿದ ಮೇಲೆ ಇಳಿದು ಮಾಯವಾಗಲು ಲಸಿಕೆ ಪಡೆಯದವರಿಗೆ ಸರಾಸರಿ 7.5 ದಿನ ಹಿಡಿದರೆ, ಪಡೆದವರಿಗೆ 5.5 ದಿನ ಸಾಕಾಯಿತು. ಏರುವ ವೇಗದಲ್ಲಿ ದೊಡ್ಡ ವ್ಯತ್ಯಾಸವಿರಲಿಲ್ಲ, ವ್ಯತ್ಯಾಸ ಕಂಡದ್ದು ಇಳಿಯುವುದರಲ್ಲಿ.

ಇನ್ನು ನಿಜವಾಗಿ ನಿಧಾನವಾಗುವವರು. ಇಲ್ಲಿ ನಮ್ಮಲ್ಲಿ ಸಾಮಾನ್ಯವಾಗಿ ಕೇಳುವ ವಿವರಣೆ ಒಂದೇ: ಅವರಿಗೆ ರೋಗನಿರೋಧಕ ಶಕ್ತಿ ಕಡಿಮೆ. ಅದನ್ನು ಹೇಳಿದ ಬೆನ್ನಿಗೇ ಅಮೃತಬಳ್ಳಿ ಕಷಾಯ, ಸತುವಿನ ಮಾತ್ರೆ, ಶಕ್ತಿ ಹೆಚ್ಚಿಸುವ ಪುಡಿಗಳ ಪಟ್ಟಿ ಬರುತ್ತದೆ. ಈ ಮಾತು ಪೂರ್ತಿ ಸುಳ್ಳಲ್ಲ, ಆದರೆ ಇದರಿಂದ ಏನೂ ತಿಳಿಯುವುದಿಲ್ಲ. ರೋಗನಿರೋಧಕ ಶಕ್ತಿ ಎಂಬುದು ಹೆಚ್ಚು ಕಡಿಮೆ ಎಂದು ಅಳೆಯಬಹುದಾದ ಒಂದೇ ದ್ರವ್ಯವಲ್ಲ. ಬೇರೆ ಬೇರೆ ಕೆಲಸಗಳಿವೆ, ಅವನ್ನು ಬೇರೆ ಬೇರೆ ಕೋಶಗಳು ಬೇರೆ ಬೇರೆ ದಿನಗಳಲ್ಲಿ ಮಾಡುತ್ತವೆ. ರೋಗಿಯಲ್ಲಿ ಯಾವ ಕೆಲಸ ನಿಂತಿದೆ ಎಂಬುದರ ಮೇಲೆ ವೈರಸ್ ಎಷ್ಟು ದಿನ ಉಳಿಯುತ್ತದೆ, ಎಷ್ಟು ಅಪಾಯ ಮಾಡುತ್ತದೆ, ಯಾವ ಚಿಕಿತ್ಸೆ ಫಲ ಕೊಡುತ್ತದೆ ಎಂಬುದೆಲ್ಲ ನಿಂತಿದೆ.

ಮೊದಲ ಕೆಲಸ ಇಂಟರ್‌ಫೆರಾನ್‌ನದು. 1957ರಲ್ಲಿ ಲಂಡನ್ನಿನಲ್ಲಿ ಅಲಿಕ್ ಐಸಾಕ್ಸ್ ಮತ್ತು ಸ್ವಿಟ್ಜರ್ಲೆಂಡಿನ ಜೀನ್ ಲಿಂಡೆನ್‌ಮನ್ ಫ್ಲೂ ವೈರಸ್ಸಿನೊಂದಿಗೆ ಕೆಲಸ ಮಾಡುತ್ತಿದ್ದಾಗ ಕಂಡುಕೊಂಡ ಪ್ರೋಟೀನ್ ಇದು. ಸೋಂಕು ತಗುಲಿದ ಕೋಶ ತನ್ನೊಳಗೆ ಅನ್ಯ ಆರ್‌ಎನ್‌ಎ ಇದೆ ಎಂದು ಗುರುತಿಸಿದ ಕೆಲವೇ ಗಂಟೆಗಳಲ್ಲಿ ಇಂಟರ್‌ಫೆರಾನ್ ಬಿಡುಗಡೆ ಮಾಡುತ್ತದೆ. ಅದು ತಲುಪಿದ ಸುತ್ತಲಿನ ಕೋಶಗಳಲ್ಲಿ ನೂರಾರು ವಂಶವಾಹಿಗಳು ಚುರುಕಾಗಿ, ವೈರಸ್ ಒಳಬಂದರೂ ಪ್ರತಿ ಮಾಡಿಕೊಳ್ಳಲಾಗದಂಥ ಸ್ಥಿತಿ ಉಂಟಾಗುತ್ತದೆ. ವೈರಸ್ಸಿಗೆ ಅಂಟಿಕೊಂಡು ಅದನ್ನು ತಡೆಯುವ ಪ್ರೋಟೀನುಗಳಾದ ಪ್ರತಿಕಾಯಗಳು ತಯಾರಾಗಲು ವಾರ ಬೇಕು. ಆವರೆಗೆ ವೈರಸ್ಸನ್ನು ಹಿಡಿದಿಡುವ ಹೊಣೆ ಬಹುಮಟ್ಟಿಗೆ ಇದರದ್ದೇ. ಆದ್ದರಿಂದಲೇ ಉಸಿರಾಟದ ವೈರಸ್ಸುಗಳೆಲ್ಲ ಇಂಟರ್‌ಫೆರಾನ್ ಸಂಕೇತವನ್ನು ಅಡಗಿಸುವ ಪ್ರೋಟೀನುಗಳನ್ನು ತಮ್ಮಲ್ಲಿ ಇಟ್ಟುಕೊಂಡಿವೆ. ಈ ವಿಷಯದಲ್ಲಿ ಕೊರೊನಾ ವೈರಸ್ ನಿಸ್ಸೀಮ.

2020ರ ಶರತ್ಕಾಲದಲ್ಲಿ ಪ್ಯಾರಿಸ್ ಮತ್ತು ನ್ಯೂಯಾರ್ಕಿನ ಜೀನ್-ಲಾರೆಂಟ್ ಕಸನೋವಾ ಅವರ ತಂಡ ಒಂದು ಅಚ್ಚರಿಯ ಸಂಗತಿಯನ್ನು ಪ್ರಕಟಿಸಿತು. ಪ್ರಾಣಾಪಾಯದ ಸ್ಥಿತಿ ತಲುಪಿದ 987 ಕೋವಿಡ್ ರೋಗಿಗಳಲ್ಲಿ 101 ಮಂದಿಯ ರಕ್ತದಲ್ಲಿ ತಮ್ಮದೇ ಇಂಟರ್‌ಫೆರಾನನ್ನು ನಿಷ್ಕ್ರಿಯಗೊಳಿಸುವ ಪ್ರತಿಕಾಯಗಳಿದ್ದವು. ಸೋಂಕು ತಗುಲಿ ಹುಟ್ಟಿಕೊಂಡವಲ್ಲ, ಮೊದಲೇ ಇದ್ದವು. ಆ 101ರಲ್ಲಿ 95 ಜನ ಗಂಡಸರು. ಮುಂದಿನ ಅಧ್ಯಯನಗಳಲ್ಲಿ, ಯಾವ ಸೋಂಕೂ ಇಲ್ಲದ ಎಪ್ಪತ್ತು ದಾಟಿದವರಲ್ಲಿ ಕೂಡ ಸುಮಾರು ಶೇಕಡಾ 4ರಷ್ಟು ಮಂದಿಯಲ್ಲಿ ಇಂಥ ಪ್ರತಿಕಾಯ ಇರುವುದು ತಿಳಿಯಿತು. ಎಳೆಯರಲ್ಲಿ ಇದು ತೀರಾ ಅಪರೂಪ. ತೀವ್ರ ಫ್ಲೂ ರೋಗಿಗಳ ಒಂದು ಪಾಲಿನಲ್ಲೂ ಆಮೇಲೆ ಇದೇ ಕಂಡಿತು. ಇಂಥವರು ದಿನನಿತ್ಯದ ಬದುಕಿನಲ್ಲಿ ಗಟ್ಟಿಮುಟ್ಟಾಗಿಯೇ ಇರಬಹುದು, ನೆಗಡಿ ಕೂಡ ಅಷ್ಟಾಗಿ ಬಾಧಿಸದಿರಬಹುದು. ಹೊಸ ವೈರಸ್ ಬಂದು, ಹಳೆಯ ಪ್ರತಿಕಾಯಗಳ ನೆರವಿಲ್ಲದೆ ಇಂಟರ್‌ಫೆರಾನ್ ಒಂದನ್ನೇ ನೆಚ್ಚಬೇಕಾದಾಗ ಕೊರತೆ ಬಯಲಾಗುತ್ತದೆ. ಎಳೆಯ ಗಂಡಸರಲ್ಲಿ ಕೆಲವರಿಗೆ ಇದೇ ತೊಂದರೆ ಹುಟ್ಟಿನಿಂದ ಬಂದಿರುತ್ತದೆ. ವೈರಸ್ಸಿನ ಆರ್‌ಎನ್‌ಎಯನ್ನು ಗುರುತಿಸುವ ಟಿಎಲ್‌ಆರ್7 ಎಂಬ ವಂಶವಾಹಿ ಎಕ್ಸ್ ವರ್ಣತಂತುವಿನಲ್ಲಿದೆ. ಗಂಡಸರಲ್ಲಿ ಅದರ ಒಂದೇ ಪ್ರತಿ ಇರುವುದರಿಂದ, ಅದು ಕೆಟ್ಟರೆ ಬದಲಿಗೆ ಇನ್ನೊಂದಿಲ್ಲ.

ಎರಡನೆಯ ಕೆಲಸ ಪ್ರತಿಕಾಯಗಳನ್ನು ತಯಾರಿಸುವ ಬಿ ಕೋಶಗಳದು. ತಿಂಗಳುಗಟ್ಟಲೆ ಪಾಸಿಟಿವ್ ಆಗಿ ಉಳಿದ ರೋಗಿಗಳ ಕಥೆಗಳಲ್ಲಿ ಮತ್ತೆ ಮತ್ತೆ ಕಾಣುವುದು ಈ ಕೊರತೆಯೇ. ಕೋವಿಡ್‌ಗೂ ಮೊದಲು, ಬರೀ ನೆಗಡಿಯ ವೈರಸ್ಸಾದ ರೈನೊವೈರಸ್ ಕುರಿತು ಫಿನ್ಲೆಂಡಿನಲ್ಲಿ ಒಂದು ಅಧ್ಯಯನ ನಡೆದಿತ್ತು. ಆರೋಗ್ಯವಂತ ಮಕ್ಕಳು ಆ ವೈರಸ್ಸನ್ನು ಸರಾಸರಿ ಹನ್ನೊಂದು ದಿನ ಹೊರಹಾಕಿದರೆ, ಪ್ರತಿಕಾಯಗಳ ಕೊರತೆಯಿದ್ದ ರೋಗಿಗಳು ಸುಮಾರು 41 ದಿನ ಹೊರಹಾಕುತ್ತಿದ್ದರು. ಒಂದು ನೆಗಡಿ, ನಲವತ್ತು ದಿನ.

2020ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ದೀರ್ಘಕಾಲದ ರಕ್ತ ಕ್ಯಾನ್ಸರ್ ಇದ್ದ, ಪ್ರತಿಕಾಯಗಳ ಮಟ್ಟ ತೀರಾ ಕುಸಿದಿದ್ದ ವೃದ್ಧೆಯೊಬ್ಬರಲ್ಲಿ 70ನೆಯ ದಿನದವರೆಗೆ ಜೀವಂತ ಕೊರೊನಾ ವೈರಸ್ ಸಿಕ್ಕಿತು, 105ನೆಯ ದಿನದವರೆಗೆ ಆರ್‌ಎನ್‌ಎ ಸಿಕ್ಕಿತು. ಅವರಿಗೆ ಕೋವಿಡ್‌ನ ಯಾವ ಲಕ್ಷಣವೂ ಇರಲಿಲ್ಲ ಎಂಬುದು ಗಮನಿಸಬೇಕಾದ್ದು. ವೈರಸ್ ಇರುವುದಕ್ಕೂ ಕಾಯಿಲೆ ಬೀಳುವುದಕ್ಕೂ ಇರುವ ನಂಟು ನಾವು ಎಣಿಸುವಷ್ಟು ನೇರವಾಗಿಲ್ಲ. ಜ್ವರ, ಮೈಕೈ ನೋವು, ಶ್ವಾಸಕೋಶದ ಊತ ಇವುಗಳಲ್ಲಿ ಬಹಳಷ್ಟು ನಮ್ಮದೇ ದೇಹದ ಪ್ರತಿಕ್ರಿಯೆಯ ಫಲ. ಪ್ರತಿಕ್ರಿಯೆ ಮಂಕಾದವರಲ್ಲಿ ವೈರಸ್ ಸದ್ದಿಲ್ಲದೆ ಉಳಿದುಬಿಡಬಲ್ಲದು.

ಈ ಕೊರತೆ ಯಾವಾಗಲೂ ಕಾಯಿಲೆಯಿಂದಲೇ ಬರಬೇಕೆಂದಿಲ್ಲ. ಚಿಕಿತ್ಸೆಯಿಂದಲೂ ಬರುತ್ತದೆ. ರಿಟುಕ್ಸಿಮ್ಯಾಬ್ ಎಂಬ ಇಂಜೆಕ್ಷನ್ ಬಿ ಕೋಶಗಳನ್ನೇ ಗುರಿಯಾಗಿಸಿ ನಾಶಮಾಡುತ್ತದೆ. ಲಿಂಫೋಮಾ ಎಂಬ ಕ್ಯಾನ್ಸರ್, ಸಂಧಿವಾತ, ಕೆಲವು ಮೂತ್ರಪಿಂಡದ ಮತ್ತು ನರದ ಕಾಯಿಲೆಗಳಿಗೆ ಇದು ದೊಡ್ಡ ವರದಾನ, ನಮ್ಮ ಊರುಗಳ ದೊಡ್ಡ ಆಸ್ಪತ್ರೆಗಳಲ್ಲೂ ಬಳಕೆಯಲ್ಲಿದೆ. ಆದರೆ ಒಮ್ಮೆ ತೆಗೆದುಕೊಂಡರೆ ಬಿ ಕೋಶಗಳು ಮರಳಲು ಆರು ತಿಂಗಳಿಂದ ವರ್ಷ ಹಿಡಿಯುತ್ತದೆ. ಆ ಅವಧಿಯಲ್ಲಿ ಹೊಸ ಸೋಂಕು ಬಂದರೂ ಲಸಿಕೆ ಹಾಕಿಸಿಕೊಂಡರೂ ಹೊಸ ಪ್ರತಿಕಾಯಗಳು ಸರಿಯಾಗಿ ತಯಾರಾಗುವುದಿಲ್ಲ.

ಮೂರನೆಯದು ಟಿ ಕೋಶಗಳು. ಪ್ರತಿಕಾಯ ಎಷ್ಟೇ ಇದ್ದರೂ ಅದು ಕೋಶದ ಒಳಗೆ ಕುಳಿತ ವೈರಸ್ಸನ್ನು ಮುಟ್ಟಲಾರದು. ಸೋಂಕು ತಗುಲಿದ ಕೋಶವನ್ನು ಗುರುತಿಸಿ ಅದನ್ನೇ ಕೊಲ್ಲುವವು ಟಿ ಕೋಶಗಳು. ರಕ್ತ ಕ್ಯಾನ್ಸರ್ ಇದ್ದ ಕೋವಿಡ್ ರೋಗಿಗಳನ್ನು ಪರಿಶೀಲಿಸಿದ ಫಿಲಡೆಲ್ಫಿಯಾದ ಸಂಶೋಧಕರಿಗೆ, ಬಿ ಕೋಶಗಳು ಇಲ್ಲದಿದ್ದರೂ ಕೊಲ್ಲುವ ಬಗೆಯ ಸಿಡಿ8 ಟಿ ಕೋಶಗಳು ಚೆನ್ನಾಗಿದ್ದವರು ಹೆಚ್ಚು ಬದುಕುಳಿದದ್ದು ಕಂಡಿತು. ಎರಡೂ ಇಲ್ಲದವರ ಗತಿ ಅತ್ಯಂತ ಕಷ್ಟ. ಮೂಳೆಮಜ್ಜೆ ಕಸಿ ಮಾಡಿಸಿಕೊಂಡವರು ಈ ಸಾಲಿಗೆ ಬರುತ್ತಾರೆ. ಮೂತ್ರಪಿಂಡ ಕಸಿಯಾದವರು ನಿತ್ಯ ನುಂಗುವ ಟ್ಯಾಕ್ರೋಲಿಮಸ್‌ನಂಥ ಮಾತ್ರೆಗಳ ಉದ್ದೇಶವೇ ಟಿ ಕೋಶಗಳನ್ನು ತಗ್ಗಿಸುವುದು. ಎಚ್‌ಐವಿ ಹತೋಟಿಯಲ್ಲಿಲ್ಲದವರಲ್ಲಿ ಟಿ ಕೋಶಗಳನ್ನು ಆ ವೈರಸ್ಸೇ ನುಂಗಿರುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ಅಂಥ ಒಬ್ಬ ಮಹಿಳೆ 216 ದಿನ ಕೊರೊನಾ ವೈರಸ್ ಹೊತ್ತಿದ್ದರು. ಎಚ್‌ಐವಿಗೆ ಔಷಧಿ ಬದಲಿಸಿ, ಅದು ಹತೋಟಿಗೆ ಬಂದ ಮೇಲೆ ಇದೂ ತೊಲಗಿತು. ಎಚ್‌ಐವಿ ಇದ್ದೂ ಕ್ರಮವಾಗಿ ಔಷಧಿ ತೆಗೆದುಕೊಂಡು ಸಿಡಿ4 ಎಂಬ ಟಿ ಕೋಶಗಳ ಸಂಖ್ಯೆ ಚೆನ್ನಾಗಿಟ್ಟುಕೊಂಡವರನ್ನು ಈ ಗುಂಪಿಗೆ ಸೇರಿಸುವುದು ಅನ್ಯಾಯ.

ಸ್ಟೀರಾಯ್ಡ್‌ಗಳ ಕಥೆ ಇವೆಲ್ಲದರ ನಡುವೆ ಬರುತ್ತದೆ. ಅವು ಒಂದು ಕೋಶವನ್ನಲ್ಲ, ಪ್ರತಿಕ್ರಿಯೆಯ ಒಟ್ಟು ಬಿರುಸನ್ನೇ ತಗ್ಗಿಸುತ್ತವೆ. 2020ರ ಜೂನ್‌ನಲ್ಲಿ ಬ್ರಿಟನ್‌ನ ರಿಕವರಿ ಪ್ರಯೋಗವು ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಮಾತ್ರೆ ವೆಂಟಿಲೇಟರ್‌ನಲ್ಲಿದ್ದವರ ಸಾವನ್ನು ಮೂರನೆಯ ಒಂದರಷ್ಟು, ಆಮ್ಲಜನಕ ಬೇಕಾದವರ ಸಾವನ್ನು ಐದನೆಯ ಒಂದರಷ್ಟು ತಗ್ಗಿಸುತ್ತದೆ ಎಂದು ತೋರಿಸಿತು. ಆಮ್ಲಜನಕ ಬೇಕಿಲ್ಲದವರಿಗೆ ಯಾವ ಲಾಭವೂ ಇಲ್ಲ ಎಂಬುದೂ ಅದೇ ಪ್ರಯೋಗದ ತೀರ್ಮಾನ. ಎರಡನೆಯ ವಾಕ್ಯವನ್ನು ನಾವು ಕಿವಿಗೆ ಹಾಕಿಕೊಳ್ಳಲಿಲ್ಲ. 2021ರ ಎರಡನೆಯ ಅಲೆಯಲ್ಲಿ ಜ್ವರ ಬಂದ ಮರುದಿನವೇ, ಮನೆಯಲ್ಲೇ ಸ್ಟೀರಾಯ್ಡ್ ನುಂಗಿದವರು ಅಸಂಖ್ಯ. ಮೊದಲ ವಾರದಲ್ಲಿ ವೈರಸ್ ಇನ್ನೂ ಹೆಚ್ಚುತ್ತಿರುವಾಗ ಪ್ರತಿಕ್ರಿಯೆಯನ್ನು ತಗ್ಗಿಸಿದರೆ ವೈರಸ್ಸಿಗೆ ದಿನಗಳನ್ನು ದಾನ ಮಾಡಿದಂತೆ. ಆಸ್ಪತ್ರೆ ಸೇರಿದ ಫ್ಲೂ ರೋಗಿಗಳಲ್ಲಿ ಸ್ಟೀರಾಯ್ಡ್ ಪಡೆದವರು ವೈರಸ್ಸನ್ನು ಹೆಚ್ಚು ದಿನ ಹೊರಹಾಕುತ್ತಾರೆ ಎಂದು ಹಾಂಗ್‌ಕಾಂಗ್‌ನ ವೈದ್ಯರು 2009ರಲ್ಲೇ ವರದಿ ಮಾಡಿದ್ದರು. ಸಕ್ಕರೆ ಕಾಯಿಲೆಯ ಜೊತೆ ಸ್ಟೀರಾಯ್ಡ್ ಸೇರಿದಾಗ ಕಪ್ಪು ಶಿಲೀಂಧ್ರ ಏನು ಮಾಡಿತು ಎಂಬುದನ್ನು ಕರ್ನಾಟಕದಲ್ಲಿ ಯಾರಿಗೂ ನೆನಪಿಸಬೇಕಿಲ್ಲ.

ರೋಗನಿರೋಧಕ ಕೋಶಗಳೆಲ್ಲ ಸರಿಯಿದ್ದೂ ತಡವಾಗುವವರಿದ್ದಾರೆ. ಶ್ವಾಸನಾಳದ ಒಳಪದರದಲ್ಲಿ ಸೂಕ್ಷ್ಮ ರೋಮಗಳು ಎಡೆಬಿಡದೆ ಬಡಿಯುತ್ತಾ, ಸಿಕ್ಕಿಬಿದ್ದ ಕಣಗಳ ಸಮೇತ ಲೋಳೆಯನ್ನು ಗಂಟಲಿನತ್ತ ತಳ್ಳುತ್ತಿರುತ್ತವೆ. ಬೀಡಿ, ಸಿಗರೇಟು, ವರ್ಷಾನುಗಟ್ಟಲೆ ಸೌದೆ ಒಲೆಯ ಹೊಗೆ ಕುಡಿದವರಲ್ಲಿ ಈ ರೋಮಗಳು ಬಿದ್ದುಹೋಗಿ, ಲೋಳೆ ದಪ್ಪವಾಗಿರುತ್ತದೆ. ಹಳೆಯ ಕ್ಷಯದಿಂದ ಶ್ವಾಸನಾಳಗಳು ಹಿಗ್ಗಿ ಕೆಟ್ಟವರಲ್ಲಿ ಕಫ ಅಲ್ಲಲ್ಲೇ ನಿಲ್ಲುತ್ತದೆ. ಸೋಂಕು ಮೂಗು ಗಂಟಲಲ್ಲೇ ಉಳಿಯಿತೋ ಶ್ವಾಸಕೋಶದ ಆಳಕ್ಕಿಳಿಯಿತೋ ಎಂಬುದೂ ಮುಖ್ಯ. ಚೀನಾದ ಝೆಜಿಯಾಂಗ್ ಪ್ರಾಂತ್ಯದ 96 ರೋಗಿಗಳಲ್ಲಿ ಉಸಿರಾಟದ ಮಾದರಿಗಳು ಪಾಸಿಟಿವ್ ಆಗಿ ಉಳಿದ ಅವಧಿಯ ಮಧ್ಯಮಾಂಕ ಸೌಮ್ಯ ಕಾಯಿಲೆಯವರಲ್ಲಿ 14 ದಿನ, ತೀವ್ರ ಕಾಯಿಲೆಯವರಲ್ಲಿ 21 ದಿನ ಇತ್ತು.

ಮೈತೂಕವೂ ಲೆಕ್ಕಕ್ಕೆ ಬರುತ್ತದೆ. ನಿಕರಾಗುವಾದ ಮನೆಗಳಲ್ಲಿ ಫ್ಲೂ ಹರಡುವುದನ್ನು ಹಿಂಬಾಲಿಸಿದ ಅಧ್ಯಯನದಲ್ಲಿ, ಲಕ್ಷಣಗಳಿದ್ದ ಬೊಜ್ಜಿನ ವಯಸ್ಕರು ಇನ್‌ಫ್ಲುಯೆಂಜಾ ಎ ವೈರಸ್ಸನ್ನು ಇತರರಿಗಿಂತ ಶೇಕಡಾ 42ರಷ್ಟು ಹೆಚ್ಚು ಕಾಲ ಹೊರಹಾಕಿದರು. ದಿನಗಳಲ್ಲಿ ಹೇಳುವುದಾದರೆ 3.7ರ ಬದಲು 5.2. ಇನ್‌ಫ್ಲುಯೆಂಜಾ ಬಿ ವೈರಸ್ಸಿನಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ಮಕ್ಕಳಲ್ಲೂ ಕಾಣಲಿಲ್ಲ. ದೀರ್ಘಕಾಲದ ಸಣ್ಣ ಉರಿಯೂತ ಪ್ರತಿಕ್ರಿಯೆಯನ್ನು ಮಂಕಾಗಿಸುತ್ತದೆ ಎಂಬುದು ಸಾಮಾನ್ಯ ವಿವರಣೆ.

ವಯಸ್ಸಿನ ವಿಷಯದಲ್ಲಿ ಎರಡು ತುದಿಗಳೂ ನಿಧಾನ, ಕಾರಣಗಳು ಮಾತ್ರ ಬೇರೆ. ಟಿ ಕೋಶಗಳನ್ನು ಪಳಗಿಸುವ ಥೈಮಸ್ ಗ್ರಂಥಿ ಹರೆಯದಿಂದಲೇ ಕುಗ್ಗತೊಡಗುತ್ತದೆ. ಎಪ್ಪತ್ತರ ಹೊತ್ತಿಗೆ ಹೊಸ ವೈರಸ್ಸನ್ನು ಗುರುತಿಸಬಲ್ಲ ಹೊಸ ಟಿ ಕೋಶಗಳು ತೀರಾ ವಿರಳ. ಕೂಸುಗಳಿಗೆ ಥೈಮಸ್ ತುಂಬು ಕಸುವಿನಲ್ಲಿರುತ್ತದೆ, ಆದರೆ ಅವುಗಳಿಗೆ ಎಲ್ಲ ವೈರಸ್ಸೂ ಹೊಸದು. ಆರ್‌ಎಸ್‌ವಿ ಎಂಬ ಉಸಿರಾಟದ ವೈರಸ್ಸಿನ ಸೋಂಕನ್ನು ವಯಸ್ಕರು ಸಾಮಾನ್ಯವಾಗಿ ಮೂರರಿಂದ ಎಂಟು ದಿನ ಹರಡಿದರೆ, ಕೆಲವು ಹಸುಗೂಸುಗಳು ನಾಲ್ಕು ವಾರದವರೆಗೂ ಹರಡುತ್ತವೆ. 2025ರ ಜನವರಿಯಲ್ಲಿ ಬೆಂಗಳೂರಿನ ಎರಡು ಕೂಸುಗಳಲ್ಲಿ ಎಚ್‌ಎಂಪಿವಿ ಎಂಬ ಇನ್ನೊಂದು ಉಸಿರಾಟದ ವೈರಸ್ ಕಂಡಾಗ ದೂರದರ್ಶನ ವಾಹಿನಿಗಳು ಎಬ್ಬಿಸಿದ ಗದ್ದಲಕ್ಕೆ ಅರ್ಥವಿರಲಿಲ್ಲ. ಅದು ದಶಕಗಳಿಂದ ನಮ್ಮ ನಡುವೆ ಇರುವ ವೈರಸ್, ಹೆಚ್ಚಿನ ಮಕ್ಕಳು ಐದು ತುಂಬುವುದರೊಳಗೆ ಅದನ್ನು ಒಮ್ಮೆ ಅನುಭವಿಸಿಯೇ ಇರುತ್ತಾರೆ.

ದೀರ್ಘ ಸೋಂಕುಗಳಲ್ಲಿ ವೈರಸ್ ಸುಮ್ಮನೆ ಕುಳಿತಿರುವುದಿಲ್ಲ. ಪ್ರತಿ ಸಲ ಪ್ರತಿ ಮಾಡಿಕೊಳ್ಳುವಾಗಲೂ ಸಣ್ಣ ತಪ್ಪುಗಳಾಗುತ್ತವೆ. ಅರೆಬರೆ ಪ್ರತಿಕಾಯಗಳ ಒತ್ತಡವಿದ್ದರೆ ಅದನ್ನು ತಪ್ಪಿಸಿಕೊಳ್ಳುವ ರೂಪಾಂತರಗಳು ಉಳಿದು ಬೆಳೆಯುತ್ತವೆ. ಕೇಂಬ್ರಿಜ್‌ನಲ್ಲಿ ರವೀಂದ್ರ ಗುಪ್ತಾ ಅವರ ತಂಡ ರಿಟುಕ್ಸಿಮ್ಯಾಬ್ ಪಡೆದಿದ್ದ ಲಿಂಫೋಮಾ ರೋಗಿಯೊಬ್ಬರ ವೈರಸ್ಸನ್ನು ನೂರಕ್ಕೂ ಹೆಚ್ಚು ದಿನ ಹಿಂಬಾಲಿಸಿತು. ಗುಣಮುಖರಾದವರ ರಕ್ತದಿಂದ ತೆಗೆದ, ಪ್ರತಿಕಾಯಗಳಿರುವ ಪ್ಲಾಸ್ಮಾ ಕೊಟ್ಟಾಗಲೆಲ್ಲ ವೈರಸ್ಸಿನ ಒಂದು ರೂಪ ಮೇಲೆದ್ದು, ಪ್ಲಾಸ್ಮಾದ ಪ್ರಭಾವ ಇಳಿದಂತೆ ಇನ್ನೊಂದು ರೂಪ ಮರಳುತ್ತಿತ್ತು. ನೆದರ್ಲೆಂಡ್ಸ್‌ನ ಒಬ್ಬ ವೃದ್ಧ ರೋಗಿ 613 ದಿನ ವೈರಸ್ ಹೊತ್ತು ಕೊನೆಗೆ ತಮ್ಮ ರಕ್ತದ ಕಾಯಿಲೆಯಿಂದ ತೀರಿಕೊಂಡರು. ಸೊಟ್ರೊವಿಮ್ಯಾಬ್ ಎಂಬ ಪ್ರತಿಕಾಯ ಔಷಧಿ ಕೊಟ್ಟ ಮೂರೇ ವಾರದಲ್ಲಿ ಅವರ ವೈರಸ್ ಅದಕ್ಕೆ ಬಗ್ಗದ ರೂಪ ತಳೆದಿತ್ತು. ಒಮೈಕ್ರಾನ್‌ನಂಥ ಒಮ್ಮೆಲೇ ಹತ್ತಾರು ಬದಲಾವಣೆ ಹೊತ್ತು ಬಂದ ತಳಿಗಳು ಇಂಥ ಒಂದು ದೀರ್ಘ ಸೋಂಕಿನಲ್ಲಿ ರೂಪುಗೊಂಡಿರಬಹುದು ಎಂದು ಹಲವು ವಿಜ್ಞಾನಿಗಳು ಭಾವಿಸುತ್ತಾರೆ. ಹಾಗೆಂದು ಈ ರೋಗಿಗಳನ್ನು ಅಪರಾಧಿಗಳಂತೆ ನೋಡುವುದು ಮೂರ್ಖತನ. ದೀರ್ಘ ಸೋಂಕುಗಳಲ್ಲಿ ಬಹುತೇಕ ಎಲ್ಲವೂ ಆ ದೇಹದಲ್ಲೇ ಕೊನೆಗೊಳ್ಳುತ್ತವೆ. ಮೇಲಿನ ಡಚ್ ರೋಗಿಯ ತಳಿಯೂ ಹೊರಗೆ ಹರಡಿದ ಕುರುಹು ಸಿಗಲಿಲ್ಲ.

ಇಷ್ಟಾದ ಮೇಲೆ ಮನೆಯವರು ಕೇಳುವ ಪ್ರಶ್ನೆ ಒಂದೇ: ಈಗ ಏನು ಮಾಡಬೇಕು? ಬೇರೆ ಕಾಯಿಲೆಯಿಲ್ಲದ, ಚೇತರಿಸಿಕೊಂಡ ವ್ಯಕ್ತಿಗೆ ಮತ್ತೆ ಮತ್ತೆ ಪಿಸಿಆರ್ ಮಾಡಿಸುವುದು ಹಣಕ್ಕೂ ನೆಮ್ಮದಿಗೂ ಕೇಡು. ಕೆಮ್ಮು ಉಳಿದಿರುವುದು ಕೂಡ ವೈರಸ್ ಉಳಿದಿರುವುದರ ಗುರುತಲ್ಲ. ಸೋಂಕು ಹೋದ ಮೇಲೂ ಕೆರಳಿದ ಶ್ವಾಸನಾಳದಿಂದಾಗಿ ಮೂರರಿಂದ ಎಂಟು ವಾರ ಕೆಮ್ಮು ಇರುವುದು ಸಾಮಾನ್ಯ. ಅದಕ್ಕೆ ಆ್ಯಂಟಿಬಯಾಟಿಕ್ ನುಂಗಿ ಪ್ರಯೋಜನವಿಲ್ಲ. ಉಸಿರು ಕಟ್ಟುವುದು, ಮತ್ತೆ ಜ್ವರ ಮರುಕಳಿಸುವುದು, ಕಫದಲ್ಲಿ ರಕ್ತ, ತೂಕ ಇಳಿಯುವುದು ಇದ್ದರೆ ಮಾತು ಬೇರೆ. ನಮ್ಮ ದೇಶದಲ್ಲಿ ಕ್ಷಯದ ಪರೀಕ್ಷೆಯನ್ನೂ ಮರೆಯಬಾರದು.

ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಕಾಯಿಲೆ ಅಥವಾ ಔಷಧಿ ಇರುವವರಿಗೆ ಹತ್ತು ದಿನದ ಲೆಕ್ಕ ಹೊಂದುವುದಿಲ್ಲ. ಇಂಥವರನ್ನು ಕನಿಷ್ಠ 20 ದಿನ ಪ್ರತ್ಯೇಕವಾಗಿಟ್ಟು, ಪರೀಕ್ಷೆಗಳ ಆಧಾರದ ಮೇಲೆ ತೀರ್ಮಾನಿಸಿ ಎಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಸಲಹೆ ನೀಡಿತ್ತು. ಒಂದು ವರದಿಯ ಸಿಟಿ ಮೌಲ್ಯಕ್ಕಿಂತ, ಕೆಲವು ದಿನಗಳ ಅಂತರದ ವರದಿಗಳಲ್ಲಿ ಅದು ಏರುತ್ತಿದೆಯೇ, ಎಂದರೆ ವೈರಸ್ ಇಳಿಯುತ್ತಿದೆಯೇ ಎಂಬುದು ಹೆಚ್ಚು ಹೇಳುತ್ತದೆ. ವೈದ್ಯರು ವೈರಸ್ ನಿರೋಧಕ ಔಷಧಿಯನ್ನು ಮೊದಲ ದಿನಗಳಲ್ಲೇ ಆರಂಭಿಸಬಹುದು, ಮಾಮೂಲಿಗಿಂತ ಹೆಚ್ಚು ದಿನ ಮುಂದುವರಿಸಬಹುದು, ಪ್ರತಿಕಾಯಗಳ ಕೊರತೆಯಿದ್ದರೆ ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳನ್ನು (ಇಮ್ಯುನೊಗ್ಲೋಬುಲಿನ್) ಕೊಡಬಹುದು, ಕಸಿಯಾದವರ ಮಾತ್ರೆಗಳ ಪ್ರಮಾಣವನ್ನು ತೂಗಿ ನೋಡಿ ಇಳಿಸಬಹುದು. ಕೊನೆಯದನ್ನು ಮನೆಯಲ್ಲಿ ಸ್ವಂತ ನಿರ್ಧಾರದಿಂದ ಮಾಡಿದರೆ ಕಸಿ ಮಾಡಿದ ಮೂತ್ರಪಿಂಡವನ್ನೇ ಕಳೆದುಕೊಳ್ಳಬೇಕಾದೀತು. ಜೊತೆಗೆ ವಾಸಿಸುವವರೆಲ್ಲ ಲಸಿಕೆ ಪಡೆದಿರುವುದು ಇಂಥ ರೋಗಿಗೆ ಕಷಾಯಕ್ಕಿಂತ ದೊಡ್ಡ ರಕ್ಷೆ.

ಜ್ವರದ ರೋಗಿಯನ್ನು ಕರೆದೊಯ್ದಾಗ ಹೆಚ್ಚಿನವರು ಈ ವಾರ ನುಂಗಿದ ಮಾತ್ರೆಗಳನ್ನಷ್ಟೇ ಹೇಳುತ್ತಾರೆ. ಸಂಧಿವಾತಕ್ಕೋ ಮೂತ್ರಪಿಂಡದ ಕಾಯಿಲೆಗೋ ಏಳೆಂಟು ತಿಂಗಳ ಹಿಂದೆ ಬೇರೆ ಆಸ್ಪತ್ರೆಯಲ್ಲಿ ಕೊಟ್ಟ ಇಂಜೆಕ್ಷನ್ ಅವರ ಲೆಕ್ಕದಲ್ಲಿ ಮುಗಿದ ಸಂಗತಿ. ಬಿ ಕೋಶಗಳ ಲೆಕ್ಕದಲ್ಲಿ ಅದು ಇನ್ನೂ ಮುಗಿದಿರುವುದಿಲ್ಲ. ಆ ಡಿಸ್ಚಾರ್ಜ್ ಸಾರಾಂಶದ ಕಾಗದವನ್ನು ಹುಡುಕಿ ಜೊತೆಗೆ ಒಯ್ಯಿರಿ.